ಉಗುರಿಗೆ ಸಿಗದ ತೇಪೆ

ಫೆಬ್ರವರಿ 18

ಅಣ್ಣನಿಗೆ,

ಕ್ಷೇಮ ಅಂತ ಶುರು ಮಾಡಿ ಎರಡು ಹಾಳೆ ಹರಿದು ಹಾಕಿದೆ. ಕ್ಷೇಮ ಇಲ್ಲ. ಫೋನ್ ಮಾಡೋಣ ಅಂದ್ರೆ ನಿನ್ನ ಕಿವಿ ಸೇನೆಯ ಬಂದೂಕು ಡಿಪೋದ ಗುಂಡು ಹಾರಿಸೋ ಮೈದಾನದಲ್ಲೇ ಕಳೆದುಹೋಯ್ತು. ನಾನು ಒಂದು ಹೇಳಿದ್ರೆ ನೀನು ಒಂಬತ್ತು ಕೇಳಿಸ್ಕೋತೀಯ. ಅದಕ್ಕೇ ಕಾಗದ.

ನಮ್ಮ ಸಂಗ್ರಹಾಲಯಕ್ಕೆ ಮೇಲಿನ ಕಚೇರಿಯಿಂದ ಒಬ್ಬ ಪರಿಣತ ಬಂದಿದ್ದ. ಹಳೇ ಬಂದೂಕುಗಳನ್ನ ಗುರುತಿಸಿ ಬೆಲೆ ಕಟ್ಟೋದೇ ಅವನ ಕೆಲಸ. ಭೂತಗನ್ನಡಿ ಕಣ್ಣಿಂದ ಇಳಿಸೋದೇ ಇಲ್ಲ, ಊಟದ ತಟ್ಟೆ ಕೂಡ ಅದರಲ್ಲೇ ನೋಡ್ತಾನೇನೋ. ಅದಕ್ಕೆ ನಾವೆಲ್ಲ ಅವನಿಗೆ ಭೂತಗನ್ನಡಿ ಅಂತಲೇ ಹೆಸರಿಟ್ವಿ. ಮೂರು ದಿನ ನಕ್ಕಿದ್ದಾಯ್ತು. ನಾಲ್ಕನೇ ದಿನ ಅವನು ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿಸಿ, ಒಂದು ನೇರಳೆ ಬಣ್ಣದ ದೀಪ ಹಚ್ಚಿ, ನಮ್ಮ ಮುದುಕಿಯ ಮೇಲೆ ಹಿಡಿದ. ಮುದುಕಿ ಅಂದ್ರೆ ಗೊತ್ತಲ್ಲ, ಹಳೇ ಯುದ್ಧದ ಆ ರೈಫಲ್ಲು. ಅಪ್ಪ ಡಿಪೋ ಉಗ್ರಾಣ ನೋಡ್ಕೋತಿದ್ದಾಗ ಅವರ ಕೈಯಿಂದಲೇ ಇಲ್ಲಿಗೆ ಬಂದಿದ್ದು, ಮೂವತ್ತೊಂದು ವರ್ಷದ ಹಿಂದೆ. ಇಡೀ ಸಂಗ್ರಹಾಲಯಕ್ಕೆ ಜನ ಬರೋದೇ ಅದನ್ನ ನೋಡೋಕೆ.

ದೀಪ ಬಿದ್ದ ತಕ್ಷಣ ಬಂದೂಕಿನ ಕತ್ತಿನ ಹತ್ತಿರ, ಕೈ ಹಿಡಿಯೋ ಜಾಗದ ಎಡಗಡೆ, ದೋಣಿ ಆಕಾರದಲ್ಲಿ ಒಂದು ಬಿಳಿ ಗೆರೆ ಹೊಳೀತು. ಬೆರಳುದ್ದ. ಆ ದೀಪಕ್ಕೆ ಒಳಗಿನ ಅಂಟು ಹೊಳೆಯುತ್ತಂತೆ. ದೀಪ ಆರಿಸಿದ್ರೆ ಏನೂ ಇಲ್ಲ. ನಾನು ಹದಿನಾರು ವರ್ಷದಿಂದ ದಿನಾ ಒರೆಸ್ತಿರೋ ಮರ ಅಣ್ಣ ಅದು! ಅಲ್ಲಿ ಮರದ ತುಂಡು ಕೂರಿಸಿದ ತೇಪೆ ಇದೆ ಅಂತ ನನಗೇ ಗೊತ್ತಿರಲಿಲ್ಲ.

ಅವನು ಹಳೇ ಕಾರ್ಡು ತೆಗೆದ. ಮುದುಕಿ ಇಲ್ಲಿಗೆ ಬಂದ ದಿನ ಡಿಪೋ ಅಧಿಕಾರಿ ಬರೆದಿದ್ದು: "ಮರ ಅಖಂಡ. ದುರಸ್ತಿ ಇಲ್ಲ." ಕಾರ್ಡು ಓದಿ ನನ್ನ ಮುಖ ನೋಡಿದ. ಅಸಲಿ ಮರವನ್ನ ನಾನು ಯಾರಿಗೋ ಮಾರಿ, ತೇಪೆ ಹಾಕಿದ ಬೇರೆ ಮರ ಕೂರಿಸಿದೀನಿ ಅಂತ ಅವನ ಲೆಕ್ಕಾಚಾರ. ಮರದ ಮೇಲೆ ನಂಬರ್ ಸರಿಯಾಗೇ ಇದೆಯಲ್ಲ ಅಂದೆ. ನಂಬರ್ ಯಾರು ಬೇಕಾದ್ರೂ ಒತ್ತಬಹುದು ಅಂದ.

ಏಪ್ರಿಲ್ 16ಕ್ಕೆ ವಿಚಾರಣೆ ಇಟ್ಟಿದಾರೆ. ತೇಪೆ ಹಳೇದು, ಡಿಪೋದಲ್ಲೇ ಆಗಿದ್ದು ಅಂತ ಸಾಬೀತಾದ್ರೆ ನಾನು ಉಳ್ಕೋತೀನಿ. ಇಲ್ಲಾಂದ್ರೆ ಕೆಲಸ ಹೋಗುತ್ತೆ, ಆಮೇಲೆ ಜೈಲು. ಬಂದೂಕಿನ ಮರ ರಿಪೇರಿ ಮಾಡೋದ್ರಲ್ಲಿ ಇಡೀ ಡಿಪೋಗೆ ನಿನ್ನ ಬಿಟ್ರೆ ಇನ್ನೊಬ್ಬ ಇರಲಿಲ್ಲ. ಒಂದ್ಸಲ ಬಂದು ನೋಡಣ್ಣ. ಇವಳಿಗಿನ್ನೂ ಹೇಳಿಲ್ಲ.

ನಿನ್ನ ಗುಬ್ಬಿ


ಮಾರ್ಚ್ 1

ಗುಬ್ಬಿ,

ಕಾಗದ ಬಂದು ಆರು ದಿನ ಆಯ್ತು. ತಡ ಆಯ್ತು ಅಂತ ಬೇಜಾರು ಮಾಡ್ಕೋಬೇಡ. ಮಗಳಿಗೆ ಒಂದು ಸಂಬಂಧ ಕುದುರೋ ಹಾಗಿದೆ. ಹುಡುಗ ಒಳ್ಳೆಯವನು, ಅವರಮ್ಮ ಭಾಳ ಗಟ್ಟಿ ಹೆಂಗಸು, ಎಲ್ಲ ವಿಚಾರಿಸ್ತಾರೆ. ಮನೆತನ, ಆರೋಗ್ಯ, ಯಾರು ಹೇಗೆ ತೀರ್ಕೊಂಡ್ರು, ಎಲ್ಲ. ನಿನ್ನ ಅತ್ತಿಗೆ ಮನೆಗೆ ಸುಣ್ಣ ಬಳಿಸ್ತಿದಾಳೆ. ನನಗೆ ಕೂರೋಕೆ ಜಾಗ ಇಲ್ಲ.

ನೀನು ಸುಮ್ಮನೆ ಹೆದರ್ತಿದೀಯ. ಆ ಭೂತಗನ್ನಡಿ ಓದಿ ಕಲಿತವನು, ಕೆತ್ತಿ ಕಲಿತವನಲ್ಲ. ಯುದ್ಧ ನೋಡಿದ ಬಂದೂಕಿಗೆ ತೇಪೆ ಇದ್ದೇ ಇರುತ್ತೆ. ನಾನು ಮೂವತ್ತು ವರ್ಷದಲ್ಲಿ ಸಾವಿರಾರು ಹಾಕಿದೀನಿ. ಹಿಂದೆ ಸಂಗ್ರಹ ಮಾಡೋರು ತೇಪೆ ಕಂಡ್ರೆ ಮೂಗು ಮುರೀತಿದ್ರು. ಈಗ ಹಾಗಲ್ಲ. ಹಳೇ ದುರಸ್ತಿ ಇದ್ರೆ ಬೆಲೆ ಏರಿದ್ರೂ ಏರಬಹುದು. ಯಾರು ಹಾಕಿದ್ದು, ಯಾವಾಗ, ಯಾಕೆ, ಈ ಮೂರು ಗೊತ್ತಿರಬೇಕು ಅಷ್ಟೇ. ಮೂರರಲ್ಲಿ ಒಂದು ತಪ್ಪಿದ್ರೂ ಅನುಮಾನ.

ಹಳೇದಾ ಹೊಸದಾ ಅಂತ ಗುರುತಿಸೋದು ಹೇಗೆ ಅಂತ ಹೇಳ್ತೀನಿ. ಗೀರು, ಏಟು ಇದ್ರೆ ನೋಡು. ತೇಪೆ ಮೇಲಿಂದ ಪಕ್ಕದ ಮರಕ್ಕೂ ಒಂದೇ ಗೀರು ಹರಿದಿದ್ರೆ ತೇಪೆ ಹಳೇದು. ಹಿತ್ತಾಳೆ ಮೊಳೆ ಇದ್ರೆ ನೋಡು. ಡಿಪೋ ಮುದ್ರೆ ಇದ್ರೆ ನೋಡು. ಇನ್ನೊಂದು, ತೇಪೆ ಹಾಕಿದ ಮರ ಬೇರೆ, ಮೂಲ ಮರ ಬೇರೆ. ವರ್ಷಾನುಗಟ್ಟಲೆ ಒಣಗ್ತಾ ಎರಡೂ ಬೇರೆ ಬೇರೆ ಥರ ಕುಗ್ಗುತ್ತೆ. ಅಂಚು ಕೂದಲೆಳೆಯಷ್ಟಾದ್ರೂ ಎದ್ದಿರುತ್ತೆ. ಕಣ್ಣು ಮುಚ್ಚಿ ಉಗುರು ಎಳೆದು ನೋಡು, ಹಳೇ ತೇಪೆ ಆದ್ರೆ ಉಗುರಿಗೆ ಸಿಕ್ಕೇ ಸಿಗುತ್ತೆ.

ಈಗ ಬರೋಕಾಗಲ್ಲ ಮಾರಾಯ. ಮಗಳ ವಿಷಯ ಒಂದು ದಡ ಮುಟ್ಟಲಿ.

ಅಣ್ಣ


ಮಾರ್ಚ್ 6

ಅಣ್ಣ,

ಉಗುರಿಗೆ ಸಿಗಲ್ಲ.

ಹತ್ತು ಬೆರಳಿನ ಉಗುರೂ ಎಳೆದೆ. ಇವಳನ್ನ ಕರ್ಕೊಂಡು ಹೋಗಿ ಅವಳ ಉಗುರೂ ಎಳೆಸಿದೆ, ಏನಂತ ಕೇಳಿದ್ಲು, ಆಗ ಎಲ್ಲ ಹೇಳಬೇಕಾಯ್ತು. ಅಲ್ಲೇ ಕಾವಲಿನವನ ಸ್ಟೂಲ್ ಮೇಲೆ ಕೂತುಬಿಟ್ಲು. ಅತ್ತರೆ ಸಮಾಧಾನ ಮಾಡಬಹುದಿತ್ತು, ಅಳಲಿಲ್ಲ. "ನೀವು ಮಾಡಿಲ್ಲ ತಾನೆ?" ಅಂತ ಒಂದೇ ಒಂದು ಸಲ ಕೇಳಿದ್ಲು. ಆ ಒಂದು ಸಲ ಸಾಕಾಯ್ತು ಅಣ್ಣ ನನಗೆ.

ಗೀರಿಲ್ಲ. ಇಲ್ಲಿ ಮೂವತ್ತೊಂದು ವರ್ಷ ಗಾಜಿನ ಪೆಟ್ಟಿಗೆಯಲ್ಲಿ ಮಲಗಿರೋ ಬಂದೂಕಿಗೆ ಏಟು ಬೀಳೋದು ಎಲ್ಲಿಂದ? ಮೊಳೆ ಇಲ್ಲ. ಮುದ್ರೆ ಇಲ್ಲ. ಮರದ ಎಳೆ ಕೂಡ ಎಲ್ಲೂ ತಪ್ಪಿಲ್ಲ, ತೇಪೆಯೊಳಗೆ ಹೊಕ್ಕು ಹಾಗೇ ಹೊರಗೆ ಬರುತ್ತೆ. ನೀನು ಹೇಳಿದ ಒಂದು ಗುರುತೂ ಇಲ್ಲ. ನಿನ್ನ ಲೆಕ್ಕದ ಪ್ರಕಾರ ಇದು ಹೊಸದೇ! ಹಾಗಾದ್ರೆ ಯಾರು ಹಾಕಿದ್ದು? ಬೀಗದಕೈ ಇರೋದು ನನ್ನೊಬ್ಬನ ಹತ್ರ. ನನಗೇ ನನ್ನ ಮೇಲೆ ಅನುಮಾನ ಬರೋ ಹಾಗಾಗಿದೆ.

ಭೂತಗನ್ನಡಿ ವಾಪಸ್ ಹೋಗಿದಾನೆ, ವಿಚಾರಣೆ ದಿನವೇ ಬರ್ತಾನಂತೆ. ಪೆಟ್ಟಿಗೆಗೆ ಮುದ್ರೆ ಹಾಕಲಿಲ್ಲ, ಮುಟ್ಟಬೇಡಿ ಅಂತ ಬಾಯಲ್ಲಿ ಹೇಳಿ ಹೋದ. "ನಿಮ್ಮ ತಂದೆಯವರ ಹೆಸರು ಕೇಳಿದೀನಿ, ಒಂದು ಮೊಳೆ ಕೂಡ ಲೆಕ್ಕ ತಪ್ಪಿಸದ ಮನುಷ್ಯ" ಅಂದ. ಆ ಹೆಸರಿಗೇ ನನಗೆ ಈ ಕೆಲಸ ಸಿಕ್ಕಿದ್ದು ಅಂತ ನನಗೂ ಗೊತ್ತು. ಅಪ್ಪನ ಮಗ ಕಳ್ಳ ಅನ್ನಿಸ್ಕೊಂಡ್ರೆ ನಾನು ಯಾವ ಮುಖ ಇಟ್ಕೊಂಡು ಬದುಕಲಿ?

ತೇಪೆ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಆಕಾರ ತೆಗೆದಿದೀನಿ, ಒಳಗಿಟ್ಟಿದೀನಿ. ಬಾ ಅಣ್ಣ. ಒಂದೇ ಒಂದು ದಿನಕ್ಕೆ ಬಾ.

ಗುಬ್ಬಿ


ಮಾರ್ಚ್ 17

ಅಣ್ಣ,

ಕಾಗದ ಸಿಕ್ತಾ? ಒಂದು ಸಾಲು ಬರಿ. ಬೈದಾದ್ರೂ ಬರಿ.

ಇವತ್ತು ನನ್ನ ಕೆಳಗಿನ ಗುಮಾಸ್ತ ನನ್ನ ಮೇಜಿನ ಅಳತೆ ತಗೋತಿದ್ದ, ಟೇಪು ಹಿಡಿದು. ಕೇಳಿದ್ರೆ "ಸುಮ್ನೆ ಸಾರ್" ಅಂದ. ನಾನಿನ್ನೂ ಕುರ್ಚಿ ಮೇಲೆ ಕೂತಿದೀನಿ!

ಗುಬ್ಬಿ


ಮಾರ್ಚ್ 22

ಗುಬ್ಬಿ,

ಎರಡೂ ಕಾಗದ ಸಿಕ್ತು.

ಮಗಳ ಮದುವೆ ಗೊತ್ತಾಯ್ತು. ಏಪ್ರಿಲ್ 20. ನೀವು ಇಬ್ಬರೂ ಬರಬೇಕು. ಹುಡುಗನ ತಾಯಿ ಮೂರು ಸಲ ಬಂದು ಹೋದ್ರು. ಅಪ್ಪನ ಬಗ್ಗೆ ಕೇಳಿದ್ರು. ಹುಬ್ಬಿನ ಮೇಲೆ ಆ ಗಾಯದ ಕಲೆ ಇರೋ ಫೋಟೋ ಗೋಡೆ ಮೇಲಿದೆಯಲ್ಲ, ಅದನ್ನ ನೋಡಿ ಏನಾಗಿತ್ತು ಅಂದ್ರು. ಪೆಟ್ಟಿಗೆ ಬಿದ್ದಿತ್ತು ಅಂದೆ.

ನಿನ್ನ ತೇಪೆ ಹಳೇದೇ. ನನ್ನ ಮಾತು ನಂಬು. ಹೇಗೆ ಗೊತ್ತು ಅಂತ ಕೇಳಬೇಡ. ಉಗುರಿನ ಮಾತು ಎಲ್ಲ ತೇಪೆಗೂ ಅನ್ವಯ ಆಗಲ್ಲ. ಆ ಭೂತಗನ್ನಡಿಗೂ ಅಷ್ಟು ತಿಳಿದಿರಬೇಕು, ಇಲ್ಲಾಂದ್ರೆ ಅವನೆಂಥ ಪರಿಣತ? ಧೈರ್ಯವಾಗಿರು. ಕಾಲ ಕಳೆದ ಹಾಗೆ ಎಲ್ಲ ತಣ್ಣಗಾಗುತ್ತೆ.

ನೀನು ಊಟ ಸರಿಯಾಗಿ ಮಾಡು. ನಿನಗೆ ಚಿಂತೆ ಹತ್ತಿದ್ರೆ ಊಟ ಬಿಡೋ ಚಾಳಿ.

ಅಣ್ಣ


ಮಾರ್ಚ್ 28

ಅಣ್ಣ,

ನಂಬು ಅಂದೆ. ನಾನು ನಂಬಿದೆ. ಭೂತಗನ್ನಡಿ ನಂಬ್ತಾನಾ? "ನಮ್ಮಣ್ಣ ಹೇಳಿದಾನೆ ಸಾರ್, ಹೇಗೆ ಅಂತ ಕೇಳಬೇಡಿ" ಅನ್ನಲಾ?

ಈಗ ಬರೆಯೋದನ್ನ ಕೂತ್ಕೊಂಡು ಓದು.

ನಿನ್ನ ಕಾಗದ ಬಂದಿದ್ದು ಮೊನ್ನೆ. ನಿನ್ನೆ ಬೆಳಗಿಂದ ಒಂದೇ ಯೋಚನೆ, ಹಳೇದಾದ್ರೆ ಉಗುರಿಗೆ ಸಿಗಬೇಕು. ತೇಪೆ ಹಳೇದು ಅಂತ ನೀನೇ ಹೇಳಿದೀಯ. ಅಂದ್ಮೇಲೆ ಉಗುರಿಗೆ ಸಿಗೋ ಹಾಗೆ ಮಾಡಿದ್ರೆ ನಾನು ಸುಳ್ಳು ಹೇಳಿದ ಹಾಗಾಗಲ್ಲ, ನಿಜಕ್ಕೆ ಸ್ವಲ್ಪ ಕೈ ಕೊಟ್ಟ ಹಾಗೆ ಅಷ್ಟೇ. ನೋಡು, ಬುದ್ಧಿ ಕೆಟ್ಟವನಿಗೆ ಎಷ್ಟು ಚೆನ್ನಾಗಿ ವಾದ ಹುಟ್ಟುತ್ತೆ.

ಮರಕ್ಕೆ ತಗ್ಗು ಬಿದ್ರೆ ನೀನು ಒದ್ದೆ ಬಟ್ಟೆ ಇಟ್ಟು ಬಿಸಿ ಇಸ್ತ್ರಿಪೆಟ್ಟಿಗೆ ಒತ್ತುತಿದ್ದೆಯಲ್ಲ, ಮರ ಉಬ್ಬಿ ಮೇಲೇಳ್ತಿತ್ತಲ್ಲ, ಅದು ನೆನಪಾಯ್ತು. ಮಧ್ಯಾಹ್ನ ಎಲ್ಲ ಊಟಕ್ಕೆ ಹೋದಾಗ ಮನೆಯಿಂದ ಇಸ್ತ್ರಿಪೆಟ್ಟಿಗೆ ತಗೊಂಡು ಹೋದೆ. ಬಂದೂಕಿನ ಗಾಜಿನ ಪೆಟ್ಟಿಗೆ ತೆರೆದು, ತೇಪೆ ಮೇಲೆ ಒದ್ದೆ ಕರವಸ್ತ್ರ ಇಟ್ಟು ಒತ್ತಿದೆ. ಅಂಚು ಒಂದು ಎಳೆ ಏಳಲಿ ಸಾಕು ಅಂತ. ಮೂರನೇ ಸಲ ಒತ್ತಿ ಬಟ್ಟೆ ಎತ್ತಿದೆ ನೋಡು, ತೇಪೆ ಬಟ್ಟೆಗೆ ಅಂಟ್ಕೊಂಡು ಎದ್ದು ಬಂತು.

ಪೂರ್ತಿ. ನನ್ನ ಅಂಗೈ ಮೇಲೆ ಆ ದೋಣಿ. ಬಂದೂಕಿನ ಕತ್ತಲ್ಲಿ ಒಂದು ಬಾಯಿ. ಕಂದು ಬಣ್ಣದ ಅಂಟು ಕರಗಿ ಕೈಗೆಲ್ಲ ಮೆತ್ಕೊಂಡು ಕೆಟ್ಟ ವಾಸನೆ. ಕಾರಿಡಾರಲ್ಲಿ ಚಪ್ಪಲಿ ಸದ್ದು ಕೇಳಿ ಆ ಬಾಯಿಯ ಮೇಲೆ ಕರವಸ್ತ್ರ ಮುಚ್ಚಿದೆ. ಒರೆಸಿದೆ, ಕೆರೆದೆ, ಆ ಕಂದು ಅಂಟೆಲ್ಲ ತೆಗೆದೆ. ಮೇಜಿನ ಖಾನೆಯಲ್ಲಿ ಅಂಗಡಿ ಅಂಟಿನ ಟ್ಯೂಬಿತ್ತು, ಚೀಟಿ ಅಂಟಿಸೋದು. ಅದನ್ನೇ ಹಾಕಿ ಒತ್ತಿ ಕೂರಿಸಿದೆ.

ಈಗ ಉಗುರಿಗೆ ಸಿಗುತ್ತೆ ಅಣ್ಣ. ಚೆನ್ನಾಗಿ ಸಿಗುತ್ತೆ.

ನಾನು ಏನು ಮಾಡಿದೆ ಹೇಳು. ಇದರಿಂದ ಏನೂ ಆಗಲ್ಲ ಅಂತ ಒಂದು ಮಾತು ಬರಿ, ಸುಳ್ಳಾದ್ರೂ ಸರಿ.

ಗುಬ್ಬಿ


ಏಪ್ರಿಲ್ 2

ಗುಬ್ಬಿ,

ನಿನ್ನ ಕಾಗದ ಇವತ್ತು ಬೆಳಗ್ಗೆ ಬಂತು. ಓದಿದ ಕೂಡಲೇ ಹಿತ್ತಲಿಗೆ ಹೋಗಿ ಬರೆಯೋಕೆ ಕೂತೆ. ತಪ್ಪು ನಿನ್ನದಲ್ಲ. ಅಯ್ಯೋ ನನ್ನ ಕಂದ, ತಪ್ಪು ನಿನ್ನದಲ್ಲ.

ಆ ತೇಪೆ ನನ್ನದು. ನೀನು "ದೋಣಿ ಆಕಾರ, ಕತ್ತಿನ ಎಡಗಡೆ" ಅಂತ ಬರೆದ ಮೊದಲನೇ ಕಾಗದದಲ್ಲೇ ನನಗೆ ಗೊತ್ತಾಯ್ತು.

ಅಪ್ಪನಿಗೆ ಮೂರ್ಛೆ ಬರ್ತಿತ್ತು. ನೀನು ಚಿಕ್ಕವನು, ನಿನ್ನಿಂದ ಮುಚ್ಚಿಟ್ವಿ. ಡಿಪೋಗೆ ಗೊತ್ತಾಗಿದ್ರೆ ಉಗ್ರಾಣದ ಬೀಗದಕೈ ಮರುದಿನವೇ ಕಿತ್ಕೋತಿದ್ರು. ಮುದುಕಿಯನ್ನ ನಿಮ್ಮ ಸಂಗ್ರಹಾಲಯಕ್ಕೆ ಕಳಿಸೋಕೆ ಎರಡು ದಿನ ಇತ್ತು. ರಜೆಯ ದಿನ, ಅಪ್ಪ ಒಬ್ಬರೇ ಅದನ್ನ ಒರೆಸ್ತಾ ಇದ್ರು, ನಾನು ಪಕ್ಕದ ಶೆಡ್ಡಲ್ಲಿದ್ದೆ. ದಢಾರ್ ಅಂತ ಸದ್ದು. ಓಡಿ ಹೋದೆ. ಅಪ್ಪ ಬಂದೂಕಿನ ಮೇಲೇ ಬಿದ್ದಿದ್ರು, ಬಾಯಲ್ಲಿ ನೊರೆ, ಹುಬ್ಬು ಒಡೆದು ರಕ್ತ. ಬಂದೂಕಿನ ಕತ್ತಿನ ಒಂದು ಪಕ್ಕ ಪುಡಿಪುಡಿ. ಎಚ್ಚರ ಆದ ಮೇಲೆ ತನ್ನ ರಕ್ತ ನೋಡ್ಕೊಳ್ಳಲಿಲ್ಲ ಗುಬ್ಬಿ, ಬಂದೂಕು ನೋಡಿ ಅತ್ರು. ಅಪ್ಪ ಅಳೋದು ನಾನು ನೋಡಿದ್ದು ಅದೊಂದೇ ಸಲ.

ಬೇರೆ ಮರದ ತೇಪೆ ಹಾಕಿದ್ರೆ ಒಂದಿನ ಅಂಚು ಏಳುತ್ತೆ, ಸಿಕ್ಕಿಬೀಳ್ತೀವಿ. ಅದಕ್ಕೇ ಬಂದೂಕಿನ ಬುಡದಲ್ಲಿ, ಹೆಗಲಿಗೆ ಒತ್ತೋ ಕಡೆ ಇರೋ ಲೋಹದ ತಗಡು ಬಿಚ್ಚಿದೆ. ಎರಡೇ ಸ್ಕ್ರೂ. ಅದರೊಳಗಿಂದ, ಯಾರ ಕಣ್ಣಿಗೂ ಬೀಳದ ಕಡೆಯಿಂದ, ಅದೇ ಮರದ ಒಂದು ತುಂಡು ಕೊರೆದು ತೆಗೆದು ಕತ್ತಿಗೆ ಕೂರಿಸಿದೆ. ಒಂದೇ ಮರ, ಒಟ್ಟಿಗೆ ಒಣಗುತ್ತೆ, ಒಟ್ಟಿಗೆ ಕುಗ್ಗುತ್ತೆ. ಉಗುರಿಗೆ ಸಿಗೋದಿಲ್ಲ. ಉಗುರಿನ ಮಾತು ಬರೆಯುವಾಗಲೇ ನನಗದು ಗೊತ್ತಿತ್ತು. ಮೊಳೆ ಹೊಡೆಯಲಿಲ್ಲ, ಕಾಣುತ್ತೆ ಅಂತ. ಮುದ್ರೆ ಒತ್ತಲಿಲ್ಲ, ಪುಸ್ತಕದಲ್ಲಿ ಬರೀಬೇಕಾಗುತ್ತೆ ಅಂತ. ಚರ್ಮ ಕುದಿಸಿ ಮಾಡೋ ಹಳೇ ಥರದ ಅಂಟು ಹಾಕಿದ್ದೆ. ಅದಕ್ಕೆ ಬಿಸಿ, ನೀರು ಎರಡೂ ಆಗದು. ಅದನ್ನ ನಿನಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಎರಡು ದಿನ ಆದ ಮೇಲೆ ಅಧಿಕಾರಿ ಬಂದು, ತಿರುಗಿಸಿ ಮುರುಗಿಸಿ ನೋಡಿ, "ಮರ ಅಖಂಡ, ದುರಸ್ತಿ ಇಲ್ಲ" ಅಂತ ಕಾರ್ಡಲ್ಲಿ ಬರೆದ. ಅಪ್ಪ ಬೆನ್ನು ತಿರುಗಿಸಿ ಬೀಗದಕೈ ಎಣಿಸ್ತಾ ನಿಂತ್ರು. ನನಗೆ ಮಾತ್ರ ಒಳಗೊಳಗೇ ನಗು. ನನ್ನ ಜನ್ಮಕ್ಕೆ ಸಿಕ್ಕ ಮೆಡಲ್ಲು ಅದೊಂದೇ. ಇವತ್ತು ಅದೇ ಸಾಲು ನಿನ್ನ ಕುತ್ತಿಗೆಗೆ ಬಂದಿದೆ.

ಯಾಕೆ ಹೇಳಲಿಲ್ಲ ಅಂತ ಕೇಳ್ತೀಯ. ಅಪ್ಪನ ಮಾನ ಅಂತ ಬರೆದ್ರೆ ಅರ್ಧ ಸುಳ್ಳು. ಅಜ್ಜನಿಗೆ ಮೂರ್ಛೆ ಇತ್ತು ಅಂತ ಗೊತ್ತಾದ್ರೆ ಆ ಹೆಂಗಸು ಸಂಬಂಧ ಬೇಡ ಅನ್ನಲ್ವಾ? ಈಗಾಗಲೇ ಎರಡು ಕಡೆ ಮುರಿದುಬಿದ್ದಿದೆ, ಮಗಳಿಗೆ ಮೂವತ್ತು ತುಂಬಿತು. ಮದುವೆ ಆಗಿಬಿಡಲಿ, ಆಮೇಲೆ ಹೇಳೋಣ, ಅಷ್ಟರಲ್ಲಿ ನಿನಗೇನೂ ಆಗಲ್ಲ ಅಂದ್ಕೊಂಡೆ. ಮಗಳಿಗೋಸ್ಕರ ನಿನ್ನನ್ನ ಅಡ ಇಟ್ಟೆ.

ಭೂತಗನ್ನಡಿಗೆ ಹೇಳು, ಬುಡದ ತಗಡು ಬಿಚ್ಚು ಅಂತ. ಒಳಗೆ ತೂತಿದೆ, ತೇಪೆಯಷ್ಟೇ ಉದ್ದ. ಬೇರೆ ಏನೂ ಮುಟ್ಟಬೇಡ.

ಅಣ್ಣ


ಏಪ್ರಿಲ್ 6

ಎರಡು ಸ್ಕ್ರೂ.

ಒಂದು ಸ್ಕ್ರೂಡ್ರೈವರು, ಎರಡು ಸ್ಕ್ರೂ, ಎರಡು ನಿಮಿಷ. ಫೆಬ್ರವರಿಯಲ್ಲೇ ಒಂದು ಸಾಲು ಬರೆದಿದ್ರೆ ನಾನು ಭೂತಗನ್ನಡಿ ಎದುರಿಗೇ ತಗಡು ಬಿಚ್ಚಿ ತೋರಿಸಿ ಮನೆಗೆ ಹೋಗಿ ಮಲಗ್ತಿದ್ದೆ. ಅದರ ಬದಲು ಗೀರು ನೋಡು, ಮೊಳೆ ನೋಡು, ಉಗುರು ಎಳಿ ಅಂತ ಪಾಠ ಹೇಳಿದೆ. ನಾನು ಕುರಿ ಥರ ಪಾಠ ಒಪ್ಪಿಸಿದೆ. ನನ್ನ ಹೆಂಡತಿ ನನ್ನನ್ನ ಕಳ್ಳನಾ ಅಂತ ಕೇಳಿದ ದಿನ ನೀನು ಮನೆಗೆ ಸುಣ್ಣ ಬಳಿಸ್ತಿದ್ದೆ.

ಅಪ್ಪನಿಗೆ ಮೂರ್ಛೆ ಇತ್ತು ಅನ್ನೋದು ನನಗೆ ನಲವತ್ತನಾಲ್ಕನೇ ವಯಸ್ಸಲ್ಲಿ, ಕಾಗದದಲ್ಲಿ ತಿಳೀಬೇಕಾಗಿತ್ತಾ? ನಾನೂ ಅವರ ಮಗ ಅಲ್ವಾ? ಗೊತ್ತಿದ್ರೆ ಅವರು ಮಧ್ಯೆ ಮಧ್ಯೆ ಮಾತು ನಿಲ್ಲಿಸಿ ಸುಮ್ಮನೆ ನೋಡ್ತಾ ಕೂತಾಗ ನಾನು ಸಿಟ್ಟು ಮಾಡ್ತಿರಲಿಲ್ಲ. "ಕೇಳಿಸ್ಕೋತಿದೀರಾ?" ಅಂತ ಕಿರುಚಿದೀನಿ ಅಣ್ಣ, ಎಷ್ಟು ಸಲ!

ಈಗ ತೂತು ತೋರಿಸಿದ್ರೆ ಏನಾಗುತ್ತೆ ಯೋಚನೆ ಮಾಡು. ಹಳೇ ಅಂಟು ನಾನೇ ಕೆರೆದು ಹಾಕಿದೀನಿ. ಈಗಿರೋದು ಅಂಗಡಿ ಅಂಟು. ತೂತು ಕೊರೆದಿದ್ದೂ ನಾನೇ ಅಂತಾರೆ. ನೀನು ಬಂದು ಬಾಯಿಬಿಟ್ಟು ಹೇಳಿದ್ರೆ ಮಾತ್ರ ನಾನು ಬದುಕ್ತೀನಿ. ಯಾರು, ಯಾವಾಗ, ಯಾಕೆ ಅಂತ ನೀನೇ ಬರೆದಿದ್ದೆಯಲ್ಲ. ಮೂರೂ ನಿನ್ನ ಹತ್ರ ಇದೆ. ಹದಿನಾರನೇ ತಾರೀಖು ಬೆಳಗ್ಗೆ ಹತ್ತೂವರೆಗೆ. ಬರ್ತೀಯೋ ಇಲ್ವೋ?

ಗುಬ್ಬಿ


ಏಪ್ರಿಲ್ 10

ಗುಬ್ಬಿ,

ನೀನು ಬೈದಿದ್ದು ಕಡಿಮೆ.

ಹದಿನಾರಕ್ಕೆ ಬರೋಕೆ ಆಗ್ತಿಲ್ಲ. ನೆಂಟರೆಲ್ಲ ಆಗಲೇ ಬಂದು ಕೂತಿದಾರೆ. ಎಲ್ಲಿಗೆ, ಯಾಕೆ ಅಂತ ಕೇಳ್ತಾರೆ, ನನ್ನ ಬಾಯಿ ನನಗೇ ನಂಬಿಕೆ ಇಲ್ಲ. ಒಂದು ವಾರ ಮುಂದೂಡೋಕೆ ಕೇಳು, ಕಾಲು ಹಿಡಿದಾದ್ರೂ ಕೇಳು. ಇಪ್ಪತ್ತೊಂದನೇ ತಾರೀಖು ಬೆಳಗ್ಗೆ ಮೊದಲ ಬಸ್ಸಿಗೆ ಹೊರಡ್ತೀನಿ.

ಮುಂದೂಡದಿದ್ರೆ ನನ್ನ ಏಪ್ರಿಲ್ ಎರಡರ ಕಾಗದ ತೋರಿಸು. ನನ್ನ ಅಕ್ಷರ, ನನ್ನ ತೇಪೆ, ಎಲ್ಲ ಅದರಲ್ಲಿದೆ. ಮದುವೆ ವಿಷಯ ನೀನು ಯೋಚನೆ ಮಾಡಬೇಡ. ಅಲ್ಲ, ಮಾಡು. ಏನು ಬರೀಬೇಕೋ ತಿಳೀತಿಲ್ಲ. ನಿನ್ನ ಮನಸ್ಸಿಗೆ ಹೇಗೆ ಬರುತ್ತೋ ಹಾಗೆ ಮಾಡು.

ಅಣ್ಣ


ಏಪ್ರಿಲ್ 17

ಅಣ್ಣನಿಗೆ,

ಮುಂದೂಡಲಿಲ್ಲ. ಕೇಳಿದೆ, ಆಗಲ್ಲ ಅಂದ್ರು.

ನಿನ್ನ ಕಾಗದ ಜೇಬಲ್ಲಿಟ್ಕೊಂಡೇ ಒಳಗೆ ಹೋದೆ. ಉದ್ದನೆ ಮೇಜು, ಮೂರು ಜನ, ಪಕ್ಕದಲ್ಲಿ ಭೂತಗನ್ನಡಿ. ಹಿಂದಿನ ಬೆಂಚಿನಲ್ಲಿ ಪತ್ರಿಕೆಯವನೊಬ್ಬ ಪೆನ್ನು ಬಿಚ್ಚಿ ಕೂತಿದ್ದ. ನಾನು ಜೇಬಿಗೆ ಕೈ ಹಾಕಿದೆ, ಆಗ ಕಣ್ಣು ಅವನ ಮೇಲೆ ಬಿತ್ತು. ನಾಳೆ ಪೇಪರಲ್ಲಿ ಅಪ್ಪನ ಮೂರ್ಛೆ, ನಾಡಿದ್ದು ನಿನ್ನ ಬೀಗರ ಮನೆ ಬಾಗಿಲಲ್ಲಿ ಆ ಪೇಪರು. ನಮ್ಮ ಕೂಸು, ನನ್ನ ಹೆಗಲ ಮೇಲೆ ಕೂತು ನನ್ನ ಕಿವಿ ಹಿಡ್ಕೊಂಡೇ ಲೋಕ ನೋಡಿದ ಕೂಸು, ಆ ಮನೆ ಮುಂದೆ ಹೇಗೆ ನಿಲ್ಲುತ್ತೆ ಅನ್ನಿಸಿತು. ಕೈ ಹಾಗೇ ವಾಪಸ್ ತಗೊಂಡೆ.

ಬುಡದ ತಗಡು ಬಿಚ್ಚಿ ಅಂದೆ. ಬಿಚ್ಚಿದ್ರು. ತೂತಿತ್ತು. ತೇಪೆ ಎತ್ತಿ ಅಳತೆ ನೋಡಿದ್ರು, ಎಳೆಗೆ ಎಳೆ ಸರಿಹೋಯ್ತು. ಬಂದೂಕು ಅಸಲಿ, ಮರ ಅಸಲಿ, ಕಳವು ಆಗಿಲ್ಲ ಅಂತ ಅಲ್ಲೇ ಬರ್ಕೊಂಡ್ರು. ಒಂದು ಉಸಿರು ಬಿಟ್ಟೆ. ಆಮೇಲೆ ಭೂತಗನ್ನಡಿ ಅಂಟು ಕೆರೆದು ಮೂಸಿ, "ಈ ಅಂಟು ಒಂದು ತಿಂಗಳದ್ದೂ ಅಲ್ಲ, ನಾನು ನೋಡಿ ಹೋದ ಮೇಲೆ ಯಾರೋ ತೇಪೆ ಕಿತ್ತಿದಾರೆ" ಅಂದ. ಯಾರು ಅಂತ ಕೇಳಿದ್ರು. ಗೊತ್ತಿಲ್ಲ ಅಂದ್ರೆ ಡಿಪೋ ಪುಸ್ತಕ ತೆಗೀತಾರೆ, ಅಪ್ಪನ ಹೆಸರು ತೆಗೀತಾರೆ. ನಾನೇ ಅಂದೆ. ಹಿಂದೆ ಯಾವತ್ತೋ ಕೈ ಜಾರಿ ಬೀಳಿಸಿದೆ, ಹೆದರಿ ತೇಪೆ ಹಾಕಿ ಮುಚ್ಚಿಟ್ಟೆ, ಸಿಕ್ಕಿಬಿದ್ದ ಮೇಲೆ ಅದನ್ನೇ ಕಿತ್ತು ಮತ್ತೆ ಅಂಟಿಸಿದೆ ಅಂದೆ.

ಭೂತಗನ್ನಡಿ ತೇಪೆಯನ್ನ ತಿರುಗಿಸಿ ತಿರುಗಿಸಿ ನೋಡಿದ. "ಇಷ್ಟು ಚೆನ್ನಾಗಿ ಯಾರ ಹತ್ರ ಕಲಿತಿರಿ?" ಅಂದ. "ಅಣ್ಣನ ಹತ್ರ" ಅಂದೆ. ಇಂಥ ಕೆಲಸ ಹಳೇ ಕಾಲದ್ದಾಗಿದ್ದು, ಮಾಡಿದವನ ಹೆಸರು ಗೊತ್ತಿದ್ದಿದ್ರೆ, ಬಂದೂಕಿನ ಬೆಲೆ ಒಂದೂವರೆ ಪಟ್ಟಾದ್ರೂ ಆಗ್ತಿತ್ತು ಅಂದ. ಅವನ ಮುಖ ಸಣ್ಣಗಾಗಿತ್ತು, ಪಾಪ.

ಕೆಲಸದಿಂದ ತೆಗೆದ್ರು. ಸರ್ಕಾರಿ ವಸ್ತು ಕೆಡಿಸಿ ಸಾಕ್ಷ್ಯ ತಿದ್ದಿದ್ದಕ್ಕೆ ಕೇಸು. ನಾಳೆ ಠಾಣೆಗೆ ನಾನಾಗೇ ಹೋಗಬೇಕು. ಎರಡು ವರ್ಷ ಆಗಬಹುದು ಅಂತ ವಕೀಲ ಹೇಳಿದ. ನಿನ್ನ ಕಾಗದಗಳನ್ನ ಒಲೆಗೆ ಹಾಕಿದೆ, ಎಲ್ಲವನ್ನೂ. ಇವಳು ನೋಡ್ತಾ ನಿಂತಿದ್ಲು. ನಾಳೆ ತವರಿಗೆ ಹೋಗ್ತಾಳೆ.

ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ಹೋಗಿದೆ ಅಂತ ಬರೆದ್ರೆ ಸುಳ್ಳಾಗುತ್ತೆ. ಕೂಸಿನ ಮದುವೆ ಚೆನ್ನಾಗಿ ಮಾಡು. ಚಿಕ್ಕಪ್ಪ ಯಾಕೆ ಬರಲಿಲ್ಲ ಅಂತ ಕೇಳಿದ್ರೆ ರಜೆ ಸಿಗಲಿಲ್ಲ ಅನ್ನು.

ಗುಬ್ಬಿ


ಏಪ್ರಿಲ್ 23

ಗುಬ್ಬಿ,

ನಾನು ಇದೇ ಊರಲ್ಲಿದೀನಿ. ನಿನ್ನ ಠಾಣೆ ಎದುರಿನ ಟೀ ಅಂಗಡಿ ಬೆಂಚಿನ ಮೇಲೆ ಕೂತು ಬರೀತಿದೀನಿ. ಸೋಮವಾರದವರೆಗೆ ನೋಡೋಕೆ ಬಿಡಲ್ಲವಂತೆ. ಕಾಗದ ಆದ್ರೆ ಕೊಡ್ತೀನಿ ಅಂತ ಪೇದೆ ಒಪ್ಪಿದಾನೆ.

ನಿನ್ನೆ ಬಂದ ತಕ್ಷಣ ಠಾಣೆಯ ಅಧಿಕಾರಿ ಮುಂದೆ ನಿಂತು ಎಲ್ಲ ಹೇಳಿದೆ. ನನ್ನ ತೇಪೆ, ಆ ರಜೆಯ ದಿನ, ಅಪ್ಪನ ಮೂರ್ಛೆ. ಅವನು ಪೂರ್ತಿ ಕೇಳಿಸ್ಕೊಂಡ. "ನಿಮ್ಮ ತಮ್ಮ ಮೂರು ಜನರ ಮುಂದೆ ಸಹಿ ಹಾಕಿದಾರೆ ಯಜಮಾನ್ರೇ. ತಮ್ಮನನ್ನ ಉಳಿಸೋಕೆ ಯಾವ ಅಣ್ಣನೂ ಹೀಗೇ ಹೇಳ್ತಾನೆ. ನೀವು ಮೊದಲೇ ಬರಹದಲ್ಲಿ ಕೊಟ್ಟಿದ್ದು ಏನಾದ್ರೂ ಇದೆಯಾ?" ಅಂದ. ನೀನು ನನಗೆ ಬರೆದ ಕಾಗದ ಚಾಚಿದೆ, ಆರೋಪಿ ತಾನೇ ಬರೆದಿದ್ದು ಲೆಕ್ಕಕ್ಕಿಲ್ಲ ಅಂದ. ನೀನು ಸುಟ್ಟ ಕಾಗದ ನೆನಪಾಗಿ ತಲೆ ಗೋಡೆಗೆ ಚಚ್ಕೊಂಡೆ, ಪೇದೆ ಬಂದು ಹಿಡ್ಕೊಂಡ. ಭೂತಗನ್ನಡಿ ಇನ್ನೂ ಇದೇ ಊರಲ್ಲಿದಾನೆ, ಅವನು ಇಳ್ಕೊಂಡಿರೋ ಕಡೆಗೂ ಹೋದೆ. ನಿಮ್ಮ ಅಂಟು ಒಂದು ಚೂರಾದ್ರೂ ಉಳಿದಿದ್ರೆ ಪರೀಕ್ಷೆ ಮಾಡಬಹುದಿತ್ತು ಅಂದ. ತೂತಿನ ಒಳಗಡೆ ಮರ ಎಷ್ಟು ಕಪ್ಪಾಗಿದೆ ಅಂತ ಮತ್ತೆ ನೋಡ್ತೀನಿ, ಭರವಸೆ ಇಟ್ಕೋಬೇಡಿ ಅಂದ. ನಾನು ದಿನಾ ಹೋಗ್ತೀನಿ. ಅವನು ಬಾಗಿಲು ಹಾಕೋವರೆಗೂ ಹೋಗ್ತೀನಿ.

ಇನ್ನೊಂದು ವಿಷಯ ನಿನಗೆ ಹೇಳಬಾರದು ಅಂದ್ಕೊಂಡಿದ್ದೆ. ನಿನ್ನಿಂದ ಮುಚ್ಚಿಟ್ಟು ಮುಚ್ಚಿಟ್ಟು ಏನಾಯ್ತು ಅಂತ ನೋಡಿದ ಮೇಲೆ ಬರೀತಿದೀನಿ.

ನಿನ್ನ ಕಾಗದ ಬಂದಿದ್ದು ಮದುವೆಯ ಮರುದಿನ. ಬೀಗರು ಇನ್ನೂ ಮನೆಯಲ್ಲೇ ಇದ್ರು, ಹೊರಡೋ ತಯಾರಿ. ಓದ್ತಾ ಓದ್ತಾ ನಾನು ಅಂಗಳದಲ್ಲೇ ದನಿ ತೆಗೆದು ಅತ್ತೆ. ಮಗಳು ಓಡಿ ಬಂದು ಕಾಗದ ತಗೊಂಡು ಓದಿದ್ಲು. ಹುಡುಗನ ತಾಯಿ ಏನಾಯ್ತು ಅಂತ ಹತ್ರ ಬಂದ್ರು. ಇನ್ನೇನು ಉಳಿದಿದೆ ಅಂತ ಅವರ ಕಾಲ ಬುಡದಲ್ಲೇ ಕೂತು ಎಲ್ಲ ಹೇಳಿದೆ. ಸಂಬಂಧ ತಪ್ಪುತ್ತೆ ಅಂತ ಹೆದರಿ ಹೀಗೆ ಮಾಡಿದೆ ಅಂದೆ.

ಅವರು ನನ್ನ ತೋಳು ಹಿಡಿದು ಎಬ್ಬಿಸಿದ್ರು. "ಮೂರ್ಛೆನಾ? ನಮ್ಮ ಮಾವನಿಗೂ ಇತ್ತಲ್ಲ, ಮಾತ್ರೆ ತಗೊಂಡು ಎಂಬತ್ತು ವರ್ಷ ಬದುಕಿದ್ರು. ನಾನು ಆ ಗಾಯದ ಕಲೆ ಬಗ್ಗೆ ಕೇಳಿದ್ದು ನಿಮ್ಮಪ್ಪ ಕುಡೀತಿದ್ರಾ ಅಂತ ತಿಳ್ಕೊಳ್ಳೋಕೆ" ಅಂದ್ರು. ಆಮೇಲೆ ಬ್ಯಾಗಿನ ಜಿಪ್ ಎಳೆದು, ಬಸ್ಸು ನಾಲ್ಕಕ್ಕಾ ನಾಲ್ಕೂವರೆಗಾ ಅಂತ ಕೇಳಿದ್ರು.

ಅಣ್ಣ